ಗ್ರಾಮೀಣ ದ್ವಿಚಕ್ರ ವಾಹನ ಗ್ಯಾರೇಜ್

ಗ್ರಾಮೀಣ ದ್ವಿಚಕ್ರ ವಾಹನ ಗ್ಯಾರೇಜ್ ಎಂದರೆ ಹೋಬಳಿ ಕೇಂದ್ರಗಳಲ್ಲಿ ಹಾಗೂ ದೊಡ್ಡ ಗ್ರಾಮಗಳಲ್ಲಿ ಮೋಟಾರ್ ಸೈಕಲ್, ಸ್ಕೂಟರ್ ಮತ್ತು ಮೊಪೆಡ್‌ಗಳನ್ನು ದುರಸ್ತಿ ಮಾಡುವ ಸ್ವತಂತ್ರ ಅಂಗಡಿ. ಇದು ಯಾವುದೇ ವಾಹನ ತಯಾರಿಕಾ ಕಂಪನಿಯ ಅಧಿಕೃತ ಸೇವಾ ಕೇಂದ್ರವಲ್ಲ. ಸಾಮಾನ್ಯವಾಗಿ ಒಬ್ಬ ಮೆಕ್ಯಾನಿಕ್ ಮತ್ತು ಒಬ್ಬಿಬ್ಬರು ಸಹಾಯಕರು ಇದನ್ನು ನಡೆಸುತ್ತಾರೆ. ಎಲ್ಲ ಕಂಪನಿಗಳ, ಎಲ್ಲ ಕಾಲದ ವಾಹನಗಳೂ ಇಲ್ಲಿಗೆ ಬರುವುದರಿಂದ ಇಲ್ಲಿನ ಕೆಲಸದ ತಿರುಳು ಬಿಡಿಭಾಗ ಬದಲಿಸುವುದಕ್ಕಿಂತ ಹೆಚ್ಚಾಗಿ ದೋಷದ ಮೂಲವನ್ನು ಪತ್ತೆ ಹಚ್ಚುವುದರಲ್ಲಿದೆ.

ಮಂಡ್ಯ ಜಿಲ್ಲೆ ಕೃಷ್ಣರಾಜಪೇಟೆ ತಾಲೂಕಿನ ಹೋಬಳಿ ಕೇಂದ್ರವಾದ ಬೂಕನಕೆರೆ, ಮಾಜಿ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಅವರ ಹುಟ್ಟೂರು. ಇಂತಹ ಊರುಗಳಿಗೂ ಪಕ್ಕದ ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ ತಾಲೂಕುಗಳ ಹಳ್ಳಿಗಳಿಗೂ ದ್ವಿಚಕ್ರ ವಾಹನವು ಕೇವಲ ಪ್ರಯಾಣ ಸಾಧನವಲ್ಲ. ಡೇರಿಗೆ ಹಾಲು, ಹೊಲಕ್ಕೆ ಗೊಬ್ಬರ, ಮನೆಗೆ ಹಸುವಿನ ಹುಲ್ಲು, ಆಸ್ಪತ್ರೆಗೆ ರೋಗಿ ಎಲ್ಲವೂ ಅದರ ಮೇಲೆಯೇ ಸಾಗುತ್ತವೆ. ಗಾಡಿ ನಿಂತರೆ ಮನೆಯ ಆ ದಿನದ ಕೆಲಸವೇ ನಿಲ್ಲುತ್ತದೆ. ಈ ಕಾರಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಗ್ಯಾರೇಜ್ ಇರುವುದು ಗ್ರಾಮೀಣ ಜೀವನದ ಅಗತ್ಯಗಳಲ್ಲಿ ಒಂದಾಗಿದೆ.

ಹಿನ್ನೆಲೆ

ಹಳೆಯ ಮೈಸೂರು ಭಾಗದ ದ್ವಿಚಕ್ರ ವಾಹನ ದುರಸ್ತಿ ಪರಂಪರೆಯಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೆ ವಿಶೇಷ ಸ್ಥಾನವಿದೆ. 1960ರಲ್ಲಿ ಸ್ಥಾಪನೆಯಾದ ಈ ಕಂಪನಿಯು ಝೆಕೊಸ್ಲೊವಾಕಿಯಾ ಮೂಲದ ಜಾವಾ ಮೋಟಾರ್ ಸೈಕಲ್‌ಗಳನ್ನೂ ನಂತರ ಯೆಜ್ಡಿ ಹೆಸರಿನ ಗಾಡಿಗಳನ್ನೂ ತಯಾರಿಸಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈ ಗಾಡಿಗಳಲ್ಲಿದ್ದುದು ಎರಡು ಹೊಡೆತದ, ಅಂದರೆ ಟೂ ಸ್ಟ್ರೋಕ್ ಎಂಜಿನ್. ಅದರಲ್ಲಿ ವಾಲ್ವ್‌ಗಳ ಜೋಡಣೆ ಇರಲಿಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವುದು, ಪ್ಲಗ್ ಒರೆಸುವುದು, ಇಗ್ನಿಷನ್ ಪಾಯಿಂಟ್ ಸರಿಪಡಿಸುವುದು ಮುಂತಾದ ಕೆಲಸಗಳನ್ನು ಮಾಲೀಕರೇ ಮಾಡಿಕೊಳ್ಳುವುದಿತ್ತು.

1980ರಲ್ಲಿ ಟಿವಿಎಸ್ 50 ಮೊಪೆಡ್ ಮಾರುಕಟ್ಟೆಗೆ ಬಂದಿತು. ಅದರ ನಂತರದ ಎಕ್ಸ್‌ಎಲ್ ಸರಣಿಯ ಮೊಪೆಡ್‌ಗಳು ಹಗುರವಾಗಿಯೂ ಹೊರೆ ಹೊರಲು ಅನುಕೂಲವಾಗಿಯೂ ಇದ್ದುದರಿಂದ ರೈತರಿಗೆ ಪ್ರಿಯವಾದವು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ನಾಲ್ಕು ಹೊಡೆತದ, ಅಂದರೆ ಫೋರ್ ಸ್ಟ್ರೋಕ್ ಎಂಜಿನ್‌ಗಳು ವ್ಯಾಪಕವಾದವು. ಇವು ಪೆಟ್ರೋಲನ್ನು ಕಡಿಮೆ ಬಳಸುತ್ತಿದ್ದವು. ಆದರೆ ವಾಲ್ವ್, ಟ್ಯಾಪೆಟ್, ಟೈಮಿಂಗ್ ಚೈನ್ ಎಂಬ ಹೊಸ ಭಾಗಗಳನ್ನು ಮೆಕ್ಯಾನಿಕ್‌ಗಳು ಕಲಿಯಬೇಕಾಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 (ಬಿಎಸ್-6) ಹೊಗೆ ನಿಯಮ ಜಾರಿಗೆ ಬಂದು, ಬಹುತೇಕ ಹೊಸ ಗಾಡಿಗಳಲ್ಲಿ ಕಾರ್ಬುರೇಟರ್‌ನ ಸ್ಥಾನವನ್ನು ವಿದ್ಯುನ್ಮಾನ ನಿಯಂತ್ರಣದ ಇಂಧನ ಚಿಮ್ಮಿಕೆ, ಅಂದರೆ ಫ್ಯೂಯೆಲ್ ಇಂಜೆಕ್ಷನ್ ಪಡೆಯಿತು. ಹೀಗೆ ಒಬ್ಬ ಮೆಕ್ಯಾನಿಕ್‌ನ ವೃತ್ತಿಜೀವನದ ಅವಧಿಯಲ್ಲಿಯೇ ವಿದ್ಯೆ ಎರಡು ಮೂರು ಬಾರಿ ಬದಲಾಗಿದೆ.

ಅಂಗಡಿಯ ಸ್ವರೂಪ ಮತ್ತು ಉಪಕರಣಗಳು

ಹಳ್ಳಿಯ ಗ್ಯಾರೇಜ್ ಬಹುಮಟ್ಟಿಗೆ ರಸ್ತೆಯ ಬದಿಯ ಒಂದೇ ಕೋಣೆಯ ಮಳಿಗೆ ಅಥವಾ ಶೀಟು ಹೊದಿಸಿದ ಚಪ್ಪರ. ಕೆಲಸ ನಡೆಯುವುದು ಅದರ ಮುಂದಿನ ಅಂಗಳದಲ್ಲಿ. ಡಬಲ್ ಎಂಡ್ ಸ್ಪ್ಯಾನರ್, ರಿಂಗ್ ಸ್ಪ್ಯಾನರ್, ಟಿ ಸ್ಪ್ಯಾನರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಸುತ್ತಿಗೆ, ಪ್ಲಗ್ ಸ್ಪ್ಯಾನರ್ ಇವು ನಿತ್ಯದ ಸಾಮಾನುಗಳು. ಇವುಗಳ ಜೊತೆಗೆ ಮ್ಯಾಗ್ನೆಟ್ ಬಿಚ್ಚುವ ಪುಲ್ಲರ್, ಕ್ಲಚ್ ಬಿಚ್ಚುವ ವಿಶೇಷ ಸ್ಪ್ಯಾನರ್, ತೆಳು ಅಂತರಗಳನ್ನು ಅಳೆಯುವ ಫೀಲರ್ ಗೇಜ್, ವಿದ್ಯುತ್ ಪರೀಕ್ಷೆಗೆ ಬಲ್ಬು ಕಟ್ಟಿದ ವೈರು ಅಥವಾ ಮಲ್ಟಿಮೀಟರ್ ಇರುತ್ತವೆ. ಏರ್ ಕಂಪ್ರೆಸರ್ ಇದ್ದಲ್ಲಿ ಪಂಕ್ಚರ್ ಕೆಲಸವೂ ನಡೆಯುತ್ತದೆ. ಆಯುಧ ಪೂಜೆಯ ದಿನ ಈ ಉಪಕರಣಗಳನ್ನು ತೊಳೆದು, ಸಾಲಾಗಿ ಜೋಡಿಸಿ ಪೂಜಿಸಲಾಗುತ್ತದೆ.

ಎಲ್ಲ ಕೆಲಸವೂ ಒಂದೇ ಅಂಗಡಿಯಲ್ಲಿ ಮುಗಿಯುವುದಿಲ್ಲ. ಸಿಲಿಂಡರ್ ಕೊರೆಯುವ ರೀಬೋರಿಂಗ್, ಕ್ರ್ಯಾಂಕ್ ಜೋಡಣೆ, ಸವೆದ ಥ್ರೆಡ್ ಮರುಕೊರೆತ ಇವಕ್ಕೆ ಪಟ್ಟಣದ ಲೇತ್ ಅಂಗಡಿಯನ್ನು ಆಶ್ರಯಿಸಬೇಕು. ಮುರಿದ ಸ್ಟ್ಯಾಂಡ್, ಕ್ಯಾರಿಯರ್‌ಗಳಿಗೆ ವೆಲ್ಡಿಂಗ್ ಅಂಗಡಿಯ ನೆರವು ಬೇಕು.

ದೋಷ ಪತ್ತೆ ಹಚ್ಚುವ ಕ್ರಮ

ಗಾಡಿಯ ಮಾಲೀಕನು ದೋಷದ ಲಕ್ಷಣವನ್ನು ಹೇಳುತ್ತಾನೆ. ಕಾರಣವನ್ನು ಕಂಡುಹಿಡಿಯುವುದು ಮೆಕ್ಯಾನಿಕ್‌ನ ಹೊಣೆ. ‘ಸ್ಟಾರ್ಟ್ ಆಗುತ್ತಿಲ್ಲ’ ಎಂಬ ಒಂದೇ ದೂರಿಗೆ ಹತ್ತಾರು ಕಾರಣಗಳಿರಬಹುದು. ಪೆಟ್ರೋಲ್ ಎಂಜಿನ್ ನಡೆಯಲು ಇಂಧನ, ಗಾಳಿ, ಕಿಡಿ ಮತ್ತು ಸಂಪೀಡನೆ (ಕಂಪ್ರೆಷನ್) ಎಂಬ ನಾಲ್ಕು ಅಗತ್ಯಗಳು ಸರಿಯಾದ ಕ್ಷಣದಲ್ಲಿ ಕೂಡಿಬರಬೇಕು. ಅನುಭವಿ ಮೆಕ್ಯಾನಿಕ್ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸರಿಯಿರುವುದನ್ನು ಬದಿಗಿಡುತ್ತಾ ಹೋಗುತ್ತಾನೆ.

ಮೊದಲು ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ, ಪೈಪಿನಲ್ಲಿ ಹರಿದು ಬರುತ್ತಿದೆಯೇ ಎಂದು ನೋಡಲಾಗುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿರಂಧ್ರ ಮುಚ್ಚಿಹೋಗಿದ್ದರೂ ಪೆಟ್ರೋಲ್ ಇಳಿಯುವುದಿಲ್ಲ. ಅಂತಹ ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ, ಮುಚ್ಚಳ ತೆಗೆದರೆ ಮತ್ತೆ ಓಡುತ್ತದೆ. ಅನಂತರ ಕಿಡಿಯ ಪರೀಕ್ಷೆ. ಇದಕ್ಕೆ ಪ್ಲಗ್ ಬಿಚ್ಚಿ, ಅದನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಎಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಹೊಡೆಯುತ್ತಾರೆ. ಪ್ಲಗ್‌ನ ರಂಧ್ರದಿಂದ ಪೆಟ್ರೋಲ್ ಆವಿ ಹೊರಬರುವುದರಿಂದ ಈ ಪರೀಕ್ಷೆಯನ್ನು ರಂಧ್ರದಿಂದ ದೂರದಲ್ಲಿಯೇ ಮಾಡಬೇಕು.

ಬಿಚ್ಚಿದ ಪ್ಲಗ್‌ನ ಬಣ್ಣವೇ ಒಂದು ವರದಿಯಂತಿರುತ್ತದೆ. ತಿಳಿ ಕಂದು ಬಣ್ಣ ಆರೋಗ್ಯದ ಲಕ್ಷಣ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯಾಗುತ್ತಿದೆ. ಫೋರ್ ಸ್ಟ್ರೋಕ್ ಗಾಡಿಯ ಪ್ಲಗ್ ಆಯಿಲಿನಿಂದ ಒದ್ದೆಯಾಗಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರುವ ಸಾಧ್ಯತೆ ಇದೆ. ಸೈಲೆನ್ಸರಿನ ಹೊಗೆಯೂ ಇದನ್ನೇ ಹೇಳುತ್ತದೆ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನು, ಕಪ್ಪು ಹೊಗೆ ಪೆಟ್ರೋಲ್ ಪೂರ್ತಿ ಉರಿಯದಿರುವುದನ್ನು ಸೂಚಿಸುತ್ತದೆ. ಚಳಿಗಾಲದ ಮುಂಜಾನೆ ಕಾಣುವ ತೆಳು ಬಿಳಿ ಹಬೆ ಕೇವಲ ನೀರಾವಿ, ಅದು ದೋಷವಲ್ಲ.

ಕಿವಿಯೂ ಒಂದು ಉಪಕರಣವೇ. ಎಂಜಿನ್ನಿನ ಮೇಲ್ಭಾಗದಿಂದ ಬರುವ ಟಿಕ್ ಟಿಕ್ ಸದ್ದು ಸಾಮಾನ್ಯವಾಗಿ ಟ್ಯಾಪೆಟ್ ಅಂತರ ಹೆಚ್ಚಿರುವುದರ ಗುರುತು. ಒಂದು ಬದಿಯಿಂದ ಬರುವ ಗರಗರ ಸದ್ದು ಟೈಮಿಂಗ್ ಚೈನ್ ಸಡಿಲಗೊಂಡಿರುವುದರ ಗುರುತು. ಸದ್ದಿನ ಜಾಗವನ್ನು ಖಚಿತಪಡಿಸಿಕೊಳ್ಳಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಯ ಬಳಿ ಇಟ್ಟುಕೊಂಡು ಆಲಿಸುವ ರೂಢಿ ಇದೆ. ವೈದ್ಯರ ಸ್ಟೆತೊಸ್ಕೋಪ್ ಮಾಡುವ ಕೆಲಸವನ್ನೇ ಇದು ಮಾಡುತ್ತದೆ.

ಈ ಕ್ರಮವನ್ನು ಬಿಟ್ಟು ಊಹೆಯ ಮೇಲೆ ಭಾಗಗಳನ್ನು ಬದಲಿಸುತ್ತಾ ಹೋದರೆ ಮಾಲೀಕನಿಗೆ ಹಣ ನಷ್ಟವಾಗುತ್ತದೆ, ದೋಷವೂ ಉಳಿಯುತ್ತದೆ. ಗ್ರಾಮೀಣ ಗ್ಯಾರೇಜಿನ ಹೆಸರು ಉಳಿಯುವುದು ಅಥವಾ ಅಳಿಯುವುದು ಈ ಹಂತದಲ್ಲಿಯೇ.

ನಿತ್ಯದ ಕೆಲಸಗಳು

ಎಂಜಿನ್ ಆಯಿಲ್: 100 ಸಿಸಿ ಆಸುಪಾಸಿನ ಫೋರ್ ಸ್ಟ್ರೋಕ್ ಗಾಡಿಗಳಿಗೆ ಸುಮಾರು 1 ಲೀಟರ್ ಆಯಿಲ್ ಬೇಕು. ಬಹುತೇಕ ಮೋಟಾರ್ ಸೈಕಲ್‌ಗಳಲ್ಲಿ ಎಂಜಿನ್, ಗೇರ್ ಮತ್ತು ಕ್ಲಚ್ ಮೂರಕ್ಕೂ ಒಂದೇ ಆಯಿಲ್ ಇರುತ್ತದೆ. ಕಾರಿಗೆಂದು ತಯಾರಾದ, ಜಾರಿಕೆ ಹೆಚ್ಚಿಸುವ ಅಂಶಗಳುಳ್ಳ ಆಯಿಲ್ ಹಾಕಿದರೆ ಕ್ಲಚ್ ಪ್ಲೇಟುಗಳು ಜಾರತೊಡಗುತ್ತವೆ. ಆದ್ದರಿಂದ ಡಬ್ಬಿಯ ಮೇಲೆ ‘ಜಾಸೊ ಎಂಎ’ ಗುರುತಿರುವ ಆಯಿಲನ್ನೇ ಬಳಸಬೇಕು. ಬಿಚ್ಚಿದ ಆಯಿಲಿನಲ್ಲಿ ಹೊಳೆಯುವ ಲೋಹದ ಚೂರುಗಳು ಕಂಡರೆ ಒಳಗಿನ ಭಾಗವೊಂದು ಸವೆಯುತ್ತಿದೆ ಎಂದರ್ಥ. ಹಳೆಯ ಟೂ ಸ್ಟ್ರೋಕ್ ಮೊಪೆಡ್‌ಗಳಲ್ಲಿ ಪ್ರತಿ ಲೀಟರ್ ಪೆಟ್ರೋಲಿಗೆ ಸುಮಾರು 20 ಮಿಲಿಲೀಟರ್ ಟೂಟಿ ಆಯಿಲ್ ಬೆರೆಸುವುದು ವಾಡಿಕೆ. ಇದನ್ನು ಮರೆತರೆ ಪಿಸ್ಟನ್ ಬಿಸಿಯಾಗಿ ಸಿಲಿಂಡರಿನೊಳಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ‘ಎಂಜಿನ್ ಸೀಜ್’ ಎನ್ನುತ್ತಾರೆ.

ಕಾರ್ಬುರೇಟರ್: ಪೆಟ್ರೋಲ್ ಮತ್ತು ಗಾಳಿಯನ್ನು ಹದವಾಗಿ ಬೆರೆಸುವ ಭಾಗವಿದು. ಇದರ ಜೆಟ್ ಎಂಬ ಸೂಕ್ಷ್ಮ ರಂಧ್ರಗಳಲ್ಲಿ ಕಸ ಅಥವಾ ನೀರು ಸೇರಿದರೆ ಗಾಡಿ ಎಳೆಯುವುದಿಲ್ಲ. ಬಿಚ್ಚಿ, ತೊಳೆದು, ಗಾಳಿ ಹೊಡೆದು ಸ್ವಚ್ಛಗೊಳಿಸಲಾಗುತ್ತದೆ. ಜೆಟ್‌ಗೆ ತಂತಿ ಚುಚ್ಚಿದರೆ ರಂಧ್ರ ಹಿಗ್ಗಿ ಮೈಲೇಜ್ ಕಾಯಂ ಆಗಿ ಕುಸಿಯುವುದರಿಂದ ಒಳ್ಳೆಯ ಮೆಕ್ಯಾನಿಕ್‌ಗಳು ತಂತಿ ಬಳಸುವುದಿಲ್ಲ.

ಟ್ಯಾಪೆಟ್ ಸೆಟ್ಟಿಂಗ್: ವಾಲ್ವ್ ಮತ್ತು ಅದನ್ನು ಒತ್ತುವ ರಾಕರಿನ ನಡುವೆ ಇರಬೇಕಾದ ಅಂತರ ಸಣ್ಣ ಗಾಡಿಗಳಲ್ಲಿ 0.05ರಿಂದ 0.10 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ. ನಿಖರ ಅಳತೆ ಗಾಡಿಯಿಂದ ಗಾಡಿಗೆ ಬೇರೆ. ಎಂಜಿನ್ ತಣ್ಣಗಿರುವಾಗಲೇ ಇದನ್ನು ಹೊಂದಿಸಬೇಕು. ಅಂತರ ಹೆಚ್ಚಾದರೆ ಸದ್ದು ಬರುತ್ತದೆ. ತೀರಾ ಕಡಿಮೆಯಾದರೆ ಸದ್ದು ಬರುವುದಿಲ್ಲ, ಆದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸದ್ದಿಲ್ಲದ ಗಾಡಿಯೆಲ್ಲ ಸರಿಯಾದ ಗಾಡಿಯಲ್ಲ ಎಂಬುದು ಕಲಿಯುವವರಿಗೆ ಹೇಳಿಕೊಡುವ ಪಾಠ.

ಬ್ರೇಕ್: ಹಳ್ಳಿಯ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಡ್ರಮ್ ಬ್ರೇಕ್. ಹಿಂದಿನ ಬ್ರೇಕ್ ಸಡಿಲವಾದಂತೆಲ್ಲ ರಾಡಿನ ನಟ್ಟನ್ನು ಬಿಗಿ ಮಾಡುತ್ತಾ ಹೋಗುವುದು ಸುಲಭ. ಆದರೆ ಒಳಗಿನ ಬ್ರೇಕ್ ಶೂ ಸವೆದಿದ್ದರೆ ಈ ಬಿಗಿತ ಅಪಾಯವನ್ನು ಮರೆಮಾಡುತ್ತದೆ. ಅನೇಕ ಗಾಡಿಗಳ ಬ್ರೇಕ್ ಪ್ಯಾನೆಲ್ ಮೇಲೆ ಸವೆತ ಸೂಚಿಸುವ ಗುರುತು ಇರುತ್ತದೆ. ಬ್ರೇಕ್ ಒತ್ತಿದಾಗ ಬಾಣವು ಆ ಗುರುತನ್ನು ತಲುಪಿದರೆ ಶೂ ಬದಲಿಸಲೇಬೇಕು. ಹೊಸ ಶೂ ಹಾಕುವಾಗ ಡ್ರಮ್‌ನ ಒಳಮೈಗೆ ಗ್ರೀಸ್ ತಾಗಬಾರದು. 2019ರ ಏಪ್ರಿಲ್ 1ರಿಂದ ಹೊಸದಾಗಿ ಮಾರಾಟವಾಗುವ 125 ಸಿಸಿವರೆಗಿನ ಗಾಡಿಗಳಲ್ಲಿ ಎರಡೂ ಚಕ್ರಗಳ ಬ್ರೇಕುಗಳನ್ನು ಜೋಡಿಸಿದ ಸಿಬಿಎಸ್ ವ್ಯವಸ್ಥೆಯಾದರೂ, ಅದಕ್ಕಿಂತ ದೊಡ್ಡ ಗಾಡಿಗಳಲ್ಲಿ ಎಬಿಎಸ್ ವ್ಯವಸ್ಥೆಯೂ ಕಡ್ಡಾಯವಾಗಿದೆ. ಸಿಬಿಎಸ್ ಗಾಡಿಯಲ್ಲಿ ಜೋಡಣೆಯ ಕೇಬಲನ್ನು ಹೊಂದಿಸದೆ ಒಂದೇ ಬ್ರೇಕನ್ನು ಬಿಗಿ ಮಾಡಿದರೆ ಮತ್ತೊಂದು ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಚೈನ್ ಮತ್ತು ಸ್ಪ್ರಾಕೆಟ್: ಚೈನಿನ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿದಾಗ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಅಲುಗಾಟವಿರಬೇಕು. ತೀರಾ ಬಿಗಿಯಾದರೆ ಬೇರಿಂಗ್ ಹಾಳಾಗುತ್ತದೆ, ಸಡಿಲವಾದರೆ ಚೈನ್ ಕಳಚಿಕೊಳ್ಳುತ್ತದೆ. ಸವೆದ ಹಲ್ಲುಗಳ ಸ್ಪ್ರಾಕೆಟ್‌ಗೆ ಹೊಸ ಚೈನ್ ಹಾಕಿದರೆ ಚೈನೂ ಬೇಗ ಹಾಳಾಗುವುದರಿಂದ ಮೂರು ಭಾಗಗಳನ್ನೂ ಒಟ್ಟಿಗೆ ಬದಲಿಸುತ್ತಾರೆ. ಇದಕ್ಕೆ ‘ಚೈನ್ ಸೆಟ್’ ಎಂದು ಹೆಸರು.

ವಿದ್ಯುತ್ ಕೆಲಸ: ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ, ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ವೇಗವಾಗಿ ಓಡುವಾಗ ಅದು 13.5ರಿಂದ 14.5 ವೋಲ್ಟ್‌ಗಳ ನಡುವೆ ಏರಬೇಕು. ಏರದಿದ್ದರೆ ದೋಷ ಬ್ಯಾಟರಿಯಲ್ಲಿ ಮಾತ್ರ ಇದೆ ಎನ್ನಲಾಗದು. ಮ್ಯಾಗ್ನೆಟ್ ಕಾಯಿಲ್, ರೆಗ್ಯುಲೇಟರ್, ವೈರಿಂಗ್ ಇವನ್ನೂ ನೋಡಬೇಕು. ಈ ಪರೀಕ್ಷೆ ಮಾಡದೆ ಹೊಸ ಬ್ಯಾಟರಿ ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಬಸಿದುಹೋಗುತ್ತದೆ.

ಎಂಜಿನ್ ಕೆಲಸ: ಸಿಲಿಂಡರ್ ಸವೆದಾಗ ಅದನ್ನು ಲೇತ್‌ನಲ್ಲಿ ಕೊರೆಸಿ, 0.25, 0.50 ಹೀಗೆ ಮಿಲಿಮೀಟರಿನ ಕಾಲುಭಾಗದಷ್ಟು ಹೆಚ್ಚುತ್ತಾ ಹೋಗುವ ಅಳತೆಯ ದೊಡ್ಡ ಪಿಸ್ಟನ್ ಕೂರಿಸಲಾಗುತ್ತದೆ. ಹೀಗೆ ಒಂದೇ ಸಿಲಿಂಡರನ್ನು ಹಲವು ಬಾರಿ ಬಳಸಬಹುದು. ಹೊಸ ಪಿಸ್ಟನ್ ಹಾಕಿದ ಗಾಡಿಯನ್ನು ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ, ಹೊರೆಯಿಲ್ಲದೆ ಓಡಿಸಬೇಕು.

ಗ್ರಾಮೀಣ ಬಳಕೆಯಿಂದ ಬರುವ ದೋಷಗಳು

ತಯಾರಕರ ಕೈಪಿಡಿಯಲ್ಲಿ ಹೇಳಿದ ಸೇವಾ ಅವಧಿಗಳು ಸಾಮಾನ್ಯ ಬಳಕೆಯನ್ನು ಆಧರಿಸಿದವು. ನಾಲೆಯ ಏರಿ, ಗದ್ದೆಯ ಬದಿ, ಕಬ್ಬಿನ ಲಾರಿಗಳಿಂದ ಹದಗೆಟ್ಟ ರಸ್ತೆಗಳಲ್ಲಿ ಓಡುವ ಗಾಡಿಗಳಿಗೆ ಸವೆತ ಬೇಗ. ಹುಲ್ಲಿನ ಹೊರೆ, ಹಾಲಿನ ಕ್ಯಾನು, ಗೊಬ್ಬರದ ಚೀಲ ಹೇರಿದಾಗ ಭಾರವೆಲ್ಲ ಹಿಂಬದಿಗೆ ಬೀಳುತ್ತದೆ. ಇದರಿಂದ ಹಿಂಚಕ್ರದ ಕಡ್ಡಿಗಳು ಮುರಿಯುತ್ತವೆ, ಶಾಕ್ ಅಬ್ಸಾರ್ಬರ್ ಆಯಿಲ್ ಸೋರುತ್ತದೆ, ಕ್ಲಚ್ ಪ್ಲೇಟ್ ಸುಡುತ್ತದೆ. ಮುಂಚಕ್ರ ಹಗುರವಾಗುವುದರಿಂದ ಹ್ಯಾಂಡಲ್ ಹಿಡಿತವೂ ತಪ್ಪುತ್ತದೆ. ಗದ್ದೆಯ ಕೆಸರು ಡ್ರಮ್‌ನೊಳಗೆ ಸೇರಿ ಶೂಗಳನ್ನು ಉಜ್ಜುತ್ತದೆ. ಸುಗ್ಗಿಯ ಕಾಲದ ಧೂಳು ಮತ್ತು ಹೊಟ್ಟು ಏರ್ ಫಿಲ್ಟರನ್ನು ಕಟ್ಟಿಸುತ್ತದೆ. ವೈರುಗಳನ್ನು ಇಲಿಗಳು ಕಡಿಯುವುದೂ ಅಪರೂಪವಲ್ಲ. ಸ್ಥಳೀಯ ಮೆಕ್ಯಾನಿಕ್ ಗಾಡಿಯನ್ನಷ್ಟೇ ಅಲ್ಲದೆ ಅದರ ಬಳಕೆಯನ್ನೂ ಬಲ್ಲವನಾದುದರಿಂದ ಇಂತಹ ದೋಷಗಳನ್ನು ಬೇಗ ಗುರುತಿಸುತ್ತಾನೆ.

ಬಿಡಿಭಾಗ ಮತ್ತು ವ್ಯವಹಾರ

ಬಿಡಿಭಾಗಗಳಲ್ಲಿ ಮೂರು ಬಗೆ. ತಯಾರಕ ಕಂಪನಿಯ ಹೆಸರಿನಲ್ಲಿ ಬರುವುದು ‘ಒರಿಜಿನಲ್’, ಬೇರೆ ಹೆಸರಾಂತ ಕಂಪನಿಗಳು ತಯಾರಿಸುವುದು ಎರಡನೆಯದು, ಕಡಿಮೆ ಬೆಲೆಯ ನಕಲಿ ಮೂರನೆಯದು. ಕನ್ನಡಿ, ಫುಟ್‌ರೆಸ್ಟ್ ರಬ್ಬರ್‌ನಂತಹ ಭಾಗಗಳಲ್ಲಿ ಅಗ್ಗದ್ದನ್ನು ಆರಿಸಿದರೂ ಅಪಾಯವಿಲ್ಲ. ಬ್ರೇಕ್ ಶೂ, ಕೇಬಲ್, ಬೇರಿಂಗ್‌ಗಳಲ್ಲಿ ನಕಲಿ ಭಾಗವು ಪ್ರಾಣಕ್ಕೆ ಸಂಬಂಧಿಸಿದ ವಿಷಯ. ತೆಗೆದ ಹಳೆಯ ಭಾಗವನ್ನು ಮಾಲೀಕನಿಗೆ ತೋರಿಸಿ, ಬದಲಿಸಿದ್ದೇಕೆಂದು ವಿವರಿಸುವುದು ಒಳ್ಳೆಯ ಪದ್ಧತಿ.

ಕೂಲಿ ಮತ್ತು ಬಿಡಿಭಾಗದ ಬೆಲೆ ಬೇರೆ ಬೇರೆ. ಪರಿಚಯದ ಗ್ರಾಹಕರಿಗೆ ಸಾಲ ಕೊಟ್ಟು, ಬೆಳೆಯ ಅಥವಾ ಹಾಲಿನ ಹಣ ಬಂದಾಗ ವಸೂಲು ಮಾಡುವ ಪದ್ಧತಿ ಹಳ್ಳಿಗಳಲ್ಲಿದೆ. ಗ್ರಾಹಕನಿಗೆ ಇದು ಅನುಕೂಲ, ಆದರೆ ಬಿಡಿಭಾಗಗಳಿಗೆ ಮೊದಲೇ ಹಣ ಹೂಡುವ ಅಂಗಡಿಗೆ ಹೊರೆ.

ಕಲಿಕೆ

ಈ ವೃತ್ತಿಗೆ ಎರಡು ದಾರಿಗಳಿವೆ. ಒಂದು, ಕೈಗಾರಿಕಾ ತರಬೇತಿ ಸಂಸ್ಥೆಗಳ (ಐಟಿಐ) ‘ಮೆಕ್ಯಾನಿಕ್ ಮೋಟಾರ್ ವೆಹಿಕಲ್’ ಎಂಬ ಎರಡು ವರ್ಷಗಳ ತರಬೇತಿ. ಮತ್ತೊಂದು, ಹಿರಿಯ ಮೆಕ್ಯಾನಿಕ್‌ನ ಕೈಕೆಳಗೆ ದುಡಿಯುತ್ತಾ ಕಲಿಯುವುದು. ಎರಡನೆಯ ದಾರಿಯಲ್ಲಿ ಮೊದಲು ಸ್ಪ್ಯಾನರುಗಳ ಅಳತೆ ಗುರುತಿಸುವುದು ಮತ್ತು ಭಾಗಗಳನ್ನು ತೊಳೆಯುವುದು, ಆಮೇಲೆ ಬಿಚ್ಚುವುದು, ಕೊನೆಗೆ ಜೋಡಿಸುವುದು ಎಂಬ ಕ್ರಮವಿದೆ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುವುದು ಇದರ ಮೊದಲ ಶಿಸ್ತು.

ಹಿಂದೆ ಬಹಳ ಎಳೆಯ ಹುಡುಗರು ಶಾಲೆ ಬಿಟ್ಟು ಗ್ಯಾರೇಜ್ ಸೇರುತ್ತಿದ್ದರು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಇಂತಹ ಅಂಗಡಿಗಳಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವುದು ಶಿಕ್ಷಾರ್ಹ ಅಪರಾಧ. ಕೈಕೆಲಸದ ಅನುಭವದೊಂದಿಗೆ ಶಾಲಾ ಶಿಕ್ಷಣವೂ ಇರುವವರಿಗೆ ಇಂದಿನ ಗಾಡಿಗಳ ವಿದ್ಯುತ್ ನಕ್ಷೆಗಳನ್ನು ಓದುವುದು ಸುಲಭವಾಗುತ್ತದೆ.

ಆರೋಗ್ಯ ಮತ್ತು ಪರಿಸರ

ಬಳಸಿದ ಎಂಜಿನ್ ಆಯಿಲ್ ಚರ್ಮಕ್ಕೂ ಮಣ್ಣಿಗೂ ಹಾನಿಕರ. ಅದನ್ನು ಚರಂಡಿಗೆ ಅಥವಾ ಖಾಲಿ ಜಾಗಕ್ಕೆ ಸುರಿದರೆ ಬಾವಿ ಮತ್ತು ಕೆರೆಗಳ ನೀರಿಗೆ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಪರವಾನಗಿ ಪಡೆದ ಮರುಬಳಕೆದಾರರಿಗೆ ತಲುಪಬೇಕು. ಸೀಸವಿರುವ ಹಳೆಯ ಬ್ಯಾಟರಿಗಳ ವಿಲೇವಾರಿಗೆ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಡ್ರಮ್‌ನ ಧೂಳನ್ನು ಬಾಯಿಂದ ಊದಬಾರದು, ಕಂಪ್ರೆಸರ್ ಗಾಳಿಯನ್ನೂ ಹೊಡೆಯಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಮುಚ್ಚಿದ ಕೋಣೆಯೊಳಗೆ ಎಂಜಿನ್ ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಕ್ಕೇ ಅಪಾಯವಾಗುತ್ತದೆ.

ಹೊಸ ತಂತ್ರಜ್ಞಾನ ಮತ್ತು ಗ್ಯಾರೇಜುಗಳ ಭವಿಷ್ಯ

ಇಂಧನ ಚಿಮ್ಮಿಕೆಯ ಗಾಡಿಯಲ್ಲಿ ಇಸಿಯು ಎಂಬ ಪುಟ್ಟ ಗಣಕವು ಸಂವೇದಕಗಳಿಂದ ಮಾಹಿತಿ ಪಡೆದು ಪೆಟ್ರೋಲಿನ ಪ್ರಮಾಣವನ್ನೂ ಕಿಡಿಯ ಸಮಯವನ್ನೂ ನಿರ್ಧರಿಸುತ್ತದೆ. ಬ್ಯಾಟರಿ ತೀರಾ ಬಸಿದಿದ್ದರೆ ಇಂತಹ ಅನೇಕ ಗಾಡಿಗಳು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ದೋಷವಾದಾಗ ಮೀಟರಿನಲ್ಲಿ ಹಳದಿ ದೀಪ ಉರಿಯುತ್ತದೆ. ಅದರ ಕಾರಣ ತಿಳಿಯಲು ಸ್ಕ್ಯಾನರ್ ಬೇಕು. ಸ್ಕ್ಯಾನರ್ ಖರೀದಿಸುವ ಶಕ್ತಿಯಿಲ್ಲದ, ಕಂಪನಿಯ ತಾಂತ್ರಿಕ ಮಾಹಿತಿ ಸಿಗದ ಸಣ್ಣ ಅಂಗಡಿಗಳು ಈ ಕೆಲಸವನ್ನು ಕಳೆದುಕೊಳ್ಳುತ್ತಿವೆ. ಆಗ ಹಳ್ಳಿಯ ಮಾಲೀಕನು ಸಣ್ಣ ದೋಷಕ್ಕೂ ಗಾಡಿಯನ್ನು ಪಟ್ಟಣಕ್ಕೆ ಸಾಗಿಸಬೇಕಾಗುತ್ತದೆ.

ಇದು ಭಾರತದಲ್ಲಿ ಕಾನೂನಿನ ಪ್ರಶ್ನೆಯೂ ಆಗಿದೆ. ಬಿಡಿಭಾಗ, ದುರಸ್ತಿ ಕೈಪಿಡಿ ಮತ್ತು ಪರೀಕ್ಷಾ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಾರೆಂಬ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಇದರ ವಿರುದ್ಧ ಮೇಲ್ಮನವಿ ಸಲ್ಲಿಸಿದವು. ಪ್ರಕರಣ ಕಾರುಗಳಿಗೆ ಸಂಬಂಧಿಸಿದ್ದಾದರೂ ಅದು ಎತ್ತಿದ ಪ್ರಶ್ನೆ ದ್ವಿಚಕ್ರ ವಾಹನಗಳಿಗೂ ಅನ್ವಯಿಸುತ್ತದೆ. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾಲತಾಣವೊಂದನ್ನು ಆರಂಭಿಸಿತು. ಅದರ ವ್ಯಾಪ್ತಿಯಲ್ಲಿ ಕೃಷಿ ಉಪಕರಣಗಳ ಜೊತೆಗೆ ವಾಹನಗಳೂ ಸೇರಿವೆ.

ಹೊಸ ಗಾಡಿಗಳಲ್ಲಿಯೂ ಬ್ರೇಕ್, ಚೈನ್, ಕ್ಲಚ್, ಬೇರಿಂಗ್, ಟೈರ್‌ಗಳ ಕೆಲಸ ಹಿಂದಿನಂತೆಯೇ ಉಳಿದಿದೆ. ವಿದ್ಯುತ್ ಸ್ಕೂಟರುಗಳಲ್ಲಿ ಆಯಿಲ್, ಪ್ಲಗ್, ಕ್ಲಚ್ ಇಲ್ಲವಾದರೂ ಬ್ರೇಕ್ ಮತ್ತು ಬೇರಿಂಗ್‌ಗಳು ಇದ್ದೇ ಇರುತ್ತವೆ. ಸ್ಕ್ಯಾನರ್ ತೋರಿಸುವ ಸಂಕೇತವೂ ದೋಷವಿರುವ ವಿಭಾಗವನ್ನಷ್ಟೇ ಹೇಳುತ್ತದೆ. ಸಂವೇದಕ ಕೆಟ್ಟಿದೆಯೋ, ಅದಕ್ಕೆ ಹೋಗುವ ವೈರನ್ನು ಇಲಿ ಕಡಿದಿದೆಯೋ ಎಂಬುದನ್ನು ಗಾಡಿಯ ಮುಂದೆ ಕುಳಿತವನೇ ನೋಡಿ ತಿಳಿಯಬೇಕು. ಟೂ ಸ್ಟ್ರೋಕ್‌ನಿಂದ ಫೋರ್ ಸ್ಟ್ರೋಕ್‌ಗೆ ದಾಟಿದ ಮೆಕ್ಯಾನಿಕ್‌ಗಳು ಇದಕ್ಕೂ ದಾಟಬಲ್ಲರು. ಅದಕ್ಕೆ ತರಬೇತಿ, ಉಪಕರಣ ಮತ್ತು ಮಾಹಿತಿ ಅವರ ಕೈಗೆಟುಕುವ ಬೆಲೆಯಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ ದೊರೆಯಬೇಕು.